ಹುಂಜದ ಕೂಗಿನಿಂದ ಮೆದುಳಿನವರೆಗೆ

ಬೀಜ ಒಡೆಸಿದ ಹೋರಿ ಸೌಮ್ಯ ಸ್ವಭಾವದ ಎತ್ತಾಗುತ್ತದೆಂಬುದನ್ನು ನಮ್ಮ ರೈತಾಪಿ ಹಿರಿಯರು ಬಲ್ಲವರಾಗಿದ್ದರು. ದೇಹಕ್ಕೆ ಮಾಡಿದ ಕಾರ್ಯ ಸ್ವಭಾವವನ್ನು ಮುಟ್ಟುವುದಾದರೂ ಹೇಗೆ? ಇದಕ್ಕೆ ಸುಳಿವು ದೊರೆತದ್ದು 1849ರಲ್ಲಿ, ಜರ್ಮನಿಯ ಗಟ್ಟಿಂಗನ್ ನಗರದಲ್ಲಿ. ಅರ್ನಾಲ್ಡ್ ಬರ್ತೋಲ್ಡ್ ಎಂಬ ವಿದ್ವಾಂಸರು ಆರು ಎಳೆಯ ಹುಂಜಗಳನ್ನು ಪರೀಕ್ಷೆಗೆ ಒಳಪಡಿಸಿದರು. ವೃಷಣ ಕಳೆದುಕೊಂಡ ಹುಂಜಗಳು ಕೂಗಲಿಲ್ಲ, ಕಾದಾಡಲಿಲ್ಲ. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ಇರಿಸಿಕೊಂಡ ಹುಂಜಗಳಾದರೋ ಎಂದಿನಂತೆ ಕೂಗಿದವು. ನರಗಳ ಸಂಬಂಧ ಕಡಿದಿದ್ದರಿಂದ, ಸಂದೇಶ ಸಾಗಿದ್ದು ರಕ್ತದ ಮೂಲಕವೇ ಎಂದು ಅವರು ನಿರ್ಧರಿಸಿದರು. ಅಂತಹ ಸಂದೇಶವಾಹಕಗಳಿಗೆ 1905ರಲ್ಲಿ 'ಹಾರ್ಮೋನು' ಎಂದು ಹೆಸರಿಟ್ಟವರು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್.

ರೋಮಿನ ಸಿಸ್ಟೈನ್ ಗಾಯನವೃಂದದಲ್ಲಿಯೂ ಬಾಲ್ಯದಲ್ಲೇ ವೃಷಣ ಕಳೆದುಕೊಂಡ ಗಾಯಕರು ಶತಮಾನಗಳ ಕಾಲ ಹಾಡಿದ್ದರೆಂಬುದನ್ನು ನಾವು ಮರೆಮಾಚಬೇಕಿಲ್ಲ. ಅವರಲ್ಲಿ ಕೊನೆಯವರಾದ ಅಲೆಸ್ಸಾಂಡ್ರೊ ಮೊರೆಸ್ಕಿ ತೀರಿಕೊಂಡದ್ದು 1922ರಲ್ಲಿ.

1959ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ವಿಲಿಯಂ ಯಂಗ್ ಮತ್ತು ಸಂಗಡಿಗರು ಗಬ್ಬದ ಗಿನಿಯಿಲಿಗಳಿಗೆ ಪುರುಷ ಹಾರ್ಮೋನು ನೀಡಿದರು. ಹುಟ್ಟಿದ ಹೆಣ್ಣುಮರಿಗಳು ಬೆಳೆದಾಗ ಗಂಡಿನ ನಡವಳಿಕೆಯನ್ನು ಹೆಚ್ಚಾಗಿ ತೋರಿದವು. ತಾಯಿಯ ಗರ್ಭದಲ್ಲಿಯೇ ಹಾರ್ಮೋನು ಮೆದುಳನ್ನು ರೂಪಿಸುತ್ತದೆಂಬ ವಿಚಾರ ಅಲ್ಲಿಂದ ಬಲಗೊಂಡಿತು.

ಮನುಷ್ಯರ ವಿಷಯ ಅಷ್ಟು ಸುಲಭವಲ್ಲ. 1995ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಆರು ಜನರ ಮೆದುಳನ್ನು ಅವರ ಮರಣಾನಂತರ ಪರೀಕ್ಷಿಸಿದರು. ಗಂಡಸರಲ್ಲಿ ದೊಡ್ಡದಾಗಿರುವ ಒಂದು ಪುಟ್ಟ ಭಾಗ ಇವರಲ್ಲಿ ಹೆಂಗಸರಷ್ಟೇ ಇತ್ತು. ಗುಟ್ಟು ಬಯಲಾಯಿತೆಂದು ಹಲವರು ಭಾವಿಸಿದರು. ಆದರೆ ಗಂಡು ಹೆಣ್ಣುಗಳಲ್ಲಿ ಆ ಭಾಗದ ವ್ಯತ್ಯಾಸ ಕಾಣಿಸಿಕೊಳ್ಳುವುದೇ ಪ್ರಾಯಕ್ಕೆ ಬಂದ ಮೇಲೆ ಎಂದು 2002ರಲ್ಲಿ ತಿಳಿದುಬಂತು. ಇಂಥವರಲ್ಲಿ ಅನೇಕರಿಗಾದರೋ ಆ ಭಾವನೆ ಬಾಲ್ಯದಿಂದಲೇ ಇರುತ್ತದೆ. 2006ರಲ್ಲಿ ನೆದರ್‌ಲ್ಯಾಂಡ್ಸಿನಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, ನಾಲ್ಕು ತಿಂಗಳ ಹಾರ್ಮೋನು ಚಿಕಿತ್ಸೆಯಿಂದ ಮೆದುಳಿನ ಗಾತ್ರವೇ ತುಸು ಬದಲಾದದ್ದು ಕಂಡುಬಂತು. ಹಾಗಾದರೆ ಯಾವುದು ಕಾರಣ, ಯಾವುದು ಪರಿಣಾಮ?

ಇದು ಅವರೊಬ್ಬರ ಕಥೆಯೆಂದು ದಯವಿಟ್ಟು ತಿಳಿಯಬೇಡಿ. ಚೊಚ್ಚಲ ಹೆರಿಗೆಯಾದ ತಾಯಂದಿರ ಮೆದುಳಿನ ಬೂದುದ್ರವ್ಯ ಕೆಲವೆಡೆ ಕುಗ್ಗುವುದೆಂದೂ ಅದು ಎರಡು ವರ್ಷಗಳಾದರೂ ಉಳಿಯುವುದೆಂದೂ ಸ್ಪೇನಿನ ಸಂಶೋಧಕರು 2016ರ ಕೊನೆಯಲ್ಲಿ ಪ್ರಕಟಿಸಿದರು. ಬಸಿರಿನ ಹಾರ್ಮೋನುಗಳ ಪ್ರಭಾವವೆಂದು ಅವರ ಅಭಿಪ್ರಾಯ. ನಮ್ಮನ್ನು ಹೆತ್ತ ತಾಯಂದಿರೂ ಇದಕ್ಕೆ ಹೊರತಲ್ಲವಷ್ಟೆ. 1,400ಕ್ಕೂ ಹೆಚ್ಚು ಮೆದುಳುಗಳ ಚಿತ್ರಗಳನ್ನು ನೋಡಿದ ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 2015ರಲ್ಲಿ, ಹೆಚ್ಚಿನವು ಗಂಡು ಹೆಣ್ಣು ಲಕ್ಷಣಗಳ ಮಿಶ್ರಣವೆಂದೇ ಹೇಳಿದರು.

"ಫಾದರ್, ಮೆದುಳು ಪರೀಕ್ಷಿಸಿ ನಮ್ಮ ಮಗು ಏನೆಂದು ಹೇಳಿಯಾರೇ? ನಾವು ಬೆಳೆಸಿದ್ದರಲ್ಲೇ ತಪ್ಪಿತ್ತೇ?" ಎಂದು ಕೇಳುವ ತಂದೆತಾಯಂದಿರಿದ್ದಾರೆ. ಅಂತಹ ಪರೀಕ್ಷೆಯಿಲ್ಲ. ಈ ಸಂಶೋಧನೆಗಳಲ್ಲಿ ತಂದೆತಾಯಿಯರ ಮೇಲೆ ದೋಷ ಹೊರಿಸುವ ಮಾತೂ ಇಲ್ಲ. ಲಿಂಗ ಬದಲಾವಣೆಯ ಚಿಕಿತ್ಸೆಯ ಕುರಿತು ಧರ್ಮಸಭೆ 2024ರಲ್ಲಿ ಎಚ್ಚರಿಕೆ ನೀಡಿದ್ದುಂಟು. ಆದರೆ ಅದಕ್ಕೂ ಮುನ್ನ, 2023ರ ಅಕ್ಟೋಬರ್‌ನಲ್ಲಿ, ಬ್ರೆಜಿಲಿನ ಧರ್ಮಾಧ್ಯಕ್ಷರೊಬ್ಬರ ಪ್ರಶ್ನೆಗೆ ವ್ಯಾಟಿಕನ್ ಉತ್ತರ ಕೊಟ್ಟಿತ್ತು: ಹಾರ್ಮೋನು ಚಿಕಿತ್ಸೆ ಪಡೆದವರಾದರೂ, ಭಕ್ತಾದಿಗಳಲ್ಲಿ ಗೊಂದಲಕ್ಕೆ ಎಡೆಯಿಲ್ಲದಿದ್ದರೆ, ಇತರ ವಿಶ್ವಾಸಿಗಳಂತೆಯೇ ದೀಕ್ಷಾಸ್ನಾನ ಪಡೆಯಬಹುದು. ಅದಕ್ಕೆ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯಿತ್ತು.