ಹಳೇ ಕಂಪ್ಯೂಟರ್, ಸಣ್ಣ ಕಣ (ಭಾಗ 3)

ನಮ್ಮಪ್ಪ ಕಂಪ್ಯೂಟರ್ ಮೊದಲ ಸಲ ನೋಡಿದ್ದು ತಹಶೀಲ್ದಾರ್ ಕಚೇರಿಯಲ್ಲಿ, ಹೊಲದ ಉತಾರ ಅಂದ್ರೆ ಪಹಣಿ ತರಲಿಕ್ಕೆ ಹೋದಾಗ. ಅದು 'ಭೂಮಿ' ಯೋಜನೆಯ ಕಾಲ. 2001ರ ಸುಮಾರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೇರಿ ರಾಜ್ಯದ ಆಗಿನ 177 ತಾಲೂಕುಗಳ ಪಹಣಿ ಕಂಪ್ಯೂಟರ್‌ಗೆ ಬಂತು.

ಅದೇ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಸಾಕಿತ್ತು. 2009ರ ವಿಂಡೋಸ್ 7 ಕೇಳಿದ್ದು 1 ಜಿಬಿ. 2021ರ ವಿಂಡೋಸ್ 11ಕ್ಕೆ 4 ಜಿಬಿ ಬೇಕು. ಬಿಕಾಂನವರೇ, ಲೆಕ್ಕ ಹಾಕ್ರಿ: 20 ವರ್ಷದಾಗ 64 ಪಟ್ಟು!

ಹಾರ್ಡ್ ಡಿಸ್ಕ್ ಅಂದ್ರೆ ಜೋಳ ತುಂಬಿಡೋ ಹಗೇವು. ರ‍್ಯಾಮ್ ಅಂದ್ರೆ ರಾಶಿ ಮಾಡೋ ಕಣ. ಹಗೇವು ಎಷ್ಟೇ ದೊಡ್ಡದಿರಲಿ, ಕಣ ಸಣ್ಣದಾದ್ರೆ ರಾಶಿ ನಿಂತುಬಿಡ್ತದ.

ನಮ್ಮನೆ ಕಂಪ್ಯೂಟರ್‌ದೂ ಇದೇ ಕಥಿ. ಟ್ಯಾಲಿ ಜೊತೆ ಬ್ರೌಸರ್ ತೆಗೆದ್ರೆ ಸಾಕು, ಹ್ಯಾಂಗ್. ಹೊಸದು ತಗೊಳ್ಳೋಣ ಅಂತ ಅಪ್ಪ ತೊಗರಿ ಮಾರಿದ ರೊಕ್ಕ ತೆಗೆದಿಟ್ಟಿದ್ದ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂತು. ಪರ್ಫಾರ್ಮೆನ್ಸ್‌ನಾಗ ಮೆಮೊರಿ ನೋಡಿದೆ: 2 ಜಿಬಿಯಲ್ಲಿ 93% ಭರ್ತಿ, ಎರಡು ಸ್ಲಾಟ್‌ನಾಗ ಒಂದು ಖಾಲಿ! ಬೋರ್ಡ್‌ಗೆ ಹೊಂದೋ ಡಿಡಿಆರ್3, 4 ಜಿಬಿ ಸ್ಟಿಕ್ ಸೆಕೆಂಡ್‌ಹ್ಯಾಂಡ್ ತಂದೆ, ಪ್ಲಗ್ ಕಿತ್ತು ಹಾಕಿದೆ. (32-ಬಿಟ್ ವಿಂಡೋಸ್ ಇದ್ರೆ 4 ಜಿಬಿ ದಾಟಿದ್ದು ಉಪಯೋಗಕ್ಕೆ ಬರಲ್ಲ, ಮೊದಲೇ ನೋಡ್ಕೊಳ್ರಿ.)

ತೊಗರಿ ರೊಕ್ಕ ತಂಗಿ ಫೀಸಿಗೆ ಉಳೀತು.

ನಿಮ್ಮದು ಎಷ್ಟು % ತೋರಸ್ತದ? ಕಾಮೆಂಟ್ ಹಾಕ್ರಿ 👇

#ಹಳೇಕಂಪ್ಯೂಟರ್ #ನಮ್ಮವಿಜಯಪುರ #ಬಿಕಾಂ