ಅಕ್ಕಿ ಇಲ್ಲದ ವರ್ಷ ಮತ್ತು ಹಲಸಿನ ಮರ

ನಮ್ಮೂರು ಬೆಟ್ಟಂಪಾಡಿ, ಪುತ್ತೂರು ತಾಲೂಕಿನಲ್ಲಿ ಕೇರಳದ ಗಡಿ ಹತ್ತಿರ. ಇಲ್ಲಿ ಅಡಿಕೆಯ ಕಥೆ ಯಾರನ್ನು ಕೇಳಿದರೂ ಹೇಳ್ತಾರೆ. ಹಲಸಿನ ಕಥೆ ಮಾತ್ರ ಅಡುಗೆಮನೆಯಲ್ಲೇ ಉಳಿದುಬಿಟ್ಟಿದೆ.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಯರ ಕೈಸೇರಿತು. ಬರ್ಮಾದಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲೂ ಅಕ್ಕಿಗೆ ರೇಷನ್ ಬಂತು. 1943ರಲ್ಲಿ ಬಂಗಾಳದಲ್ಲಂತೂ ಲಕ್ಷಾಂತರ ಜನ ಸತ್ತರು. ನನ್ನ ಅಜ್ಜಿ ಆಗ ಸಣ್ಣ ಹುಡುಗಿ. ಇಸವಿ ಅವರಿಗೆ ನೆನಪಿರಲಿಲ್ಲ, 'ಅಕ್ಕಿ ಇಲ್ಲದ ವರ್ಷ' ಅಂತಷ್ಟೇ ಹೇಳ್ತಿದ್ದರು.

ಮತ್ತೆ ತಿಂದದ್ದು ಏನು? ಹಲಸು! ಎಳತರಲ್ಲಿ ಗುಜ್ಜೆ ಪಲ್ಯ, ಬೆಳೆದ ಮೇಲೆ ಬೇಯಿಸಿದ ಸೊಳೆ. ಮಳೆ ಹಿಡಿದ ಮೇಲೆ ಭರಣಿಯಲ್ಲಿಟ್ಟ ಉಪ್ಪುಸೊಳೆ. ಬೀಜ ಬೇಯಿಸಿ ಒಣಗಿಸಿದರೆ ಸಾಂತಾಣಿ. ಆಟಿ ತಿಂಗಳೆಂದರೆ ಹಳೇ ಅಕ್ಕಿ ಮುಗಿದು ಹೊಸ ಭತ್ತ ಇನ್ನೂ ಬಾರದ ಕಾಲ. ಅದನ್ನು ದಾಟಿಸುತ್ತಿದ್ದದ್ದು ಈ ಭರಣಿಗಳು, ಜೊತೆಗೆ ಹಿತ್ತಲಿನ ಕೆಸು, ಬಸಳೆ.

ಇಲ್ಲೊಂದು ಲೆಕ್ಕ ಇದೆ. ಬೀಜದಿಂದ ಬಂದ ಹಲಸು ಕಾಯಿ ಬಿಡಲು ಏಳೆಂಟು ವರ್ಷವಾದರೂ ಬೇಕು. ಅಂದರೆ 1942ರಲ್ಲಿ ಹೊಟ್ಟೆ ತುಂಬಿಸಿದ ಮರಗಳನ್ನು ನೆಟ್ಟವರಿಗೆ ಯುದ್ಧದ ಸುಳಿವೇ ಇರಲಿಲ್ಲ. ಅಕ್ಕಿ ನಿಂತ ಮೇಲೆ ನೆಟ್ಟ ಗಿಡ ಆ ವರ್ಷದ ಹಸಿವಿಗೆ ಆಗುವುದಿಲ್ಲ. ನಮ್ಮ ಐಟಿ ಭಾಷೆಯಲ್ಲಿ ಹೇಳಬೇಕಾದರೆ, ಡಿಸ್ಕ್ ಹೋದ ಮೇಲೆ ಬ್ಯಾಕಪ್ ತೆಗೆಯೋಕಾಗಲ್ಲ :)

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ತೋಟದ ಬದಿಯ ಹಳೇ ಹಲಸಿನ ಮರ ಕೊಡುವ ಮಾತು ಮನೆಯಲ್ಲಿ ನಡೆಯುತ್ತಿದೆ. ಮರಕ್ಕೆ ಒಳ್ಳೆ ರೇಟಿದೆ, ಅಡಿಕೆಗೆ ನೆರಳು ಬೇರೆ. ಅಪ್ಪ ಹೇಳುವುದೂ ಸುಳ್ಳಲ್ಲ: ಮರ ಹತ್ತುವವರಿಲ್ಲ, ಸೊಳೆ ಬಿಡಿಸುವವರಿಲ್ಲ. "ಬೇಕಾದರೆ ಬೇರೆ ಗಿಡ ನೆಡುವ" ಅಂತಾರೆ. ಆದರೆ ಹಲಸಿನ ಬೀಜದಿಂದ ಹುಟ್ಟಿದ ಗಿಡ ತಾಯಿಮರದ ಹಾಗೇ ಇರುವುದಿಲ್ಲ. ಕಡಿದರೆ ಆ ರುಚಿ ಅಲ್ಲಿಗೆ ಮುಗಿಯಿತು.

ಉಳಿಸುವ ದಾರಿ ಕಸಿ. ತುಮಕೂರು ಜಿಲ್ಲೆಯ ಚೇಳೂರಿನ ಒಂದೇ ಒಂದು ಮರದಿಂದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಸಿದ್ದು' ತಳಿಯ ಕಸಿಗಿಡ ಮಾಡಿಸಿತು. ನಮ್ಮ ಪುತ್ತೂರಿನಲ್ಲೇ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ', ಹೆಸರು ಅಡಿಕೆಯದ್ದಾದರೂ, ವರ್ಷಗಟ್ಟಲೆ ಹಲಸಿನ ಬಗ್ಗೆ ಬರೆಯುತ್ತ ಬಂದಿದೆ.

ಕಸಿಗೆ ಕಡ್ಡಿ ತೆಗೆದು ಗಿಡ ಚಿಗುರುವವರೆಗೆ ಮರ ಮುಟ್ಟಬಾರದು ಅಂತ ಅಪ್ಪನಿಗೆ ಹೇಳಿದ್ದೇನೆ. ಮಳೆಗಾಲದವರೆಗೆ ಒಪ್ಪಿದ್ದಾರೆ. ಆಮೇಲೇನೋ ಗೊತ್ತಿಲ್ಲ.

ನಿಮ್ಮ ಊರಿನ ಮನೆಯಲ್ಲೂ ಇಂಥದ್ದೊಂದು ಮರ ಇದೆಯಾ? ನೆಟ್ಟವರು ಯಾರು ಅಂತ ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಕೇಳಿಟ್ಟುಕೊಳ್ಳಿ.