ಬೀಳ್ಕೊಳ್ಳುವವಳ ಹಾಡು: ಒಂದು ಅಮೆರಿಕನ್ ಗೀತದ ಹುಟ್ಟೂ ಹರಡಿಕೆಯೂ

ಕನ್ನಡದಲ್ಲಿ ‘ಬೀಳ್ಕೊಳ್ಳು’ ಎಂಬುದೂ ‘ಬೀಳ್ಕೊಡು’ ಎಂಬುದೂ ಎರಡು ಬೇರೆ ಬೇರೆ ಕ್ರಿಯೆಗಳು. ಹೊರಡುವವನು ಅಪ್ಪಣೆ ಪಡೆದು ಬೀಳ್ಕೊಳ್ಳುತ್ತಾನೆ. ಉಳಿಯುವವನು ಅಪ್ಪಣೆಯಿತ್ತು ಬೀಳ್ಕೊಡುತ್ತಾನೆ. ಇಂದಿನ ಬಳಕೆಯಲ್ಲಿ ಈ ಭೇದವು ಹಲವೆಡೆ ಕಲಸಿಹೋಗಿದೆ. ಅಮೆರಿಕದ ಒಂದು ಜನಪ್ರಿಯ ಗೀತದ ಚರಿತ್ರೆಯನ್ನು ಬರೆಯಹೊರಟವನು ಇಂಥ ಶಬ್ದವಿಚಾರದಿಂದ ತೊಡಗುವುದೇತಕ್ಕೆಂದು ವಾಚಕರು ಕೇಳಬಹುದು. ಆ ಗೀತವು ಐವತ್ತು ವರ್ಷಗಳಲ್ಲಿ ದೇಶದೇಶಗಳನ್ನು ಸುತ್ತುವಾಗ ಅದರ ಅರ್ಥಕ್ಕೆ ಒದಗಿದ ಮುಖ್ಯವಾದ ಪಲ್ಲಟವು ಈ ಎರಡು ಶಬ್ದಗಳ ನಡುವಣ ಅಂತರವೇ ಎಂಬುದು ನನ್ನ ಅಭಿಪ್ರಾಯ. ಅದು ಬೀಳ್ಕೊಳ್ಳುವವಳ ಹಾಡಾಗಿ ಹುಟ್ಟಿತು. ಕೇಳಿದವರು ಅದನ್ನು ಬೀಳ್ಕೊಡುವವರ ಹಾಡಾಗಿಯೂ, ಒಮ್ಮೊಮ್ಮೆ ಕೂಡುವವರ ಹಾಡಾಗಿಯೂ ಮಾಡಿಕೊಂಡರು. ಇದು ಹೇಗಾಯಿತೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೧

ಗೀತದ ಹೆಸರು ‘ಐ ವಿಲ್ ಆಲ್ವೇಸ್ ಲವ್ ಯು’. ಇದನ್ನು ರಚಿಸಿ ಮೊದಲು ಹಾಡಿದವರು ಡಾಲಿ ಪಾರ್ಟನ್. ಇವರು ೧೯೪೬ರ ಜನವರಿ ೧೯ರಂದು ಟೆನೆಸ್ಸೀ ಸಂಸ್ಥಾನದ ಬೆಟ್ಟಸೀಮೆಯ ಒಂದು ಬಡ ಸಂಸಾರದಲ್ಲಿ ಹುಟ್ಟಿದರು. ಹನ್ನೆರಡು ಮಂದಿ ಮಕ್ಕಳಲ್ಲಿ ನಾಲ್ಕನೆಯವರು. ೧೯೬೪ರಲ್ಲಿ ಶಾಲೆಯ ವ್ಯಾಸಂಗ ಮುಗಿದೊಡನೆಯೇ ‘ಕಂಟ್ರಿ’ ಎಂದು ಹೆಸರಾದ ಗ್ರಾಮೀಣ ಧಾಟಿಯ ಸಂಗೀತಕ್ಕೆ ರಾಜಧಾನಿಯಂತಿದ್ದ ನ್ಯಾಶ್‌ವಿಲ್ ನಗರಕ್ಕೆ ಬಂದರು. ಆಗ ಅಲ್ಲಿ ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕರು ತಮ್ಮ ಹೆಸರಿನ ಟೆಲಿವಿಷನ್ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರು. ೧೯೬೭ರಲ್ಲಿ ಅವರು ಪಾರ್ಟನ್ನರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ವ್ಯಾಗನರ್ ವಯಸ್ಸಿನಲ್ಲಿ ಹದಿನೆಂಟು ವರ್ಷಗಳಿಗೂ ಹೆಚ್ಚಾಗಿ ಹಿರಿಯರು. ಇಬ್ಬರೂ ಕೂಡಿ ಹಾಡಿದ ಯುಗಳಗೀತಗಳು ಕೀರ್ತಿಯನ್ನು ತಂದುವು.

ಈ ಸಂಬಂಧವು ಗುರುಶಿಷ್ಯರದೂ ಹೌದು, ಯಜಮಾನ ಮತ್ತು ಕೆಲಸದವರದೂ ಹೌದು. ಐದು ವರ್ಷ ಇರುವೆನೆಂದು ತಾನು ಒಪ್ಪಿದ್ದಾಗಿಯೂ, ಅದಕ್ಕಿಂತ ಹೆಚ್ಚು ಕಾಲ ಇದ್ದುದಾಗಿಯೂ, ಹೊರಡುತ್ತೇನೆಂದಾಗಲೆಲ್ಲ ವಾಗ್ವಾದ ಬೆಳೆಯುತ್ತಿತ್ತೆಂದೂ ಪಾರ್ಟನ್ ಹೇಳಿದ್ದಾರೆ. ಮಾತಿನಿಂದ ತಿಳಿಸಲಾಗದುದನ್ನು ಹಾಡಿನಿಂದ ತಿಳಿಸೋಣವೆಂದು ಮನೆಗೆ ಹೋಗಿ ಈ ಗೀತವನ್ನು ಕಟ್ಟಿ, ಮರುದಿನ ವ್ಯಾಗನರ್ ಅವರ ಕಚೇರಿಯಲ್ಲಿ ಗಿಟಾರ್ ಹಿಡಿದು ಹಾಡಿದರಂತೆ. ಕೇಳಿ ಅವರು ಕಣ್ಣೀರಿಟ್ಟು, ಈ ಹಾಡಿನ ಧ್ವನಿಮುದ್ರಣವನ್ನು ತಾವೇ ಮಾಡಿಸುವುದಾದರೆ ಹೋಗಬಹುದೆಂದರಂತೆ.

ಈ ಕಥನವು ಮನೋಹರವಾದುದು. ಆದರೆ ಕೃತಿಕಾರರೇ ಬಹುಕಾಲದ ಮೇಲೆ ಹೇಳಿದ ನೆನಪುಗಳನ್ನು ತೂಗಿನೋಡಿ ಸ್ವೀಕರಿಸುವುದು ಚರಿತ್ರಕಾರನ ಧರ್ಮ. ಎರಡು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ಕಾಲ. ಗೀತವು ಧ್ವನಿಮುದ್ರಿತವಾದುದು ೧೯೭೩ರ ಜೂನ್ ತಿಂಗಳಲ್ಲಿ, ನ್ಯಾಶ್‌ವಿಲ್ಲಿನ ಆರ್‌ಸಿಎ ಸ್ಟುಡಿಯೋದಲ್ಲಿ. ಪಾರ್ಟನ್ ಕಾರ್ಯಕ್ರಮವನ್ನು ಬಿಟ್ಟುದು ೧೯೭೪ರಲ್ಲಿ. ಎಂದಮೇಲೆ ಇದು ಆಗಿಹೋದ ಅಗಲಿಕೆಯ ಸ್ಮರಣೆಯಲ್ಲ. ಆಗಬೇಕಾದ ಅಗಲಿಕೆಗೆ ಅಪ್ಪಣೆಯನ್ನು ಬೇಡುವ ವಿಜ್ಞಾಪನೆ. ಈ ದೃಷ್ಟಿಯಿಂದ ತೇದಿಗಳು ಕಥನವನ್ನು ಸಮರ್ಥಿಸುತ್ತವೆ. ನಿರ್ಮಾಪಕರೆಂದು ತಟ್ಟೆಯ ಮೇಲೆ ಅಚ್ಚಾದ ಹೆಸರು ಮಾತ್ರ ಬಾಬ್ ಫರ್ಗುಸನ್ ಎಂಬವರದು.

ಎರಡನೆಯದು ಆ ಮೇಲಿನ ವ್ಯಾಜ್ಯ. ಕಣ್ಣೀರಿನೊಡನೆ ಎಲ್ಲವೂ ಸುಖಾಂತವಾಯಿತೆಂದು ಭಾವಿಸಲಾಗದು. ೧೯೭೪ರಲ್ಲಿಯೇ ಇಬ್ಬರೂ ಕೂಡಿ ಹಾಡಿದ ಒಂದು ಯುಗಳಗೀತವು ಕಂಟ್ರಿ ಸಂಗೀತದ ಜನಪ್ರಿಯತಾ ಪಟ್ಟಿಯ ತುದಿಗೇರಿತೆಂಬುದು ನಿಜ; ಆದರೆ ೧೯೭೯ರಲ್ಲಿ ವ್ಯಾಗನರ್ ಕರಾರುಭಂಗದ ಮೇಲೆ ೩೦ ಲಕ್ಷ ಡಾಲರುಗಳಿಗೆ ದಾವೆ ಹೂಡಿದರು. ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಮುಂದೆ ಇಬ್ಬರಲ್ಲಿ ಸೌಹಾರ್ದ ಬೆಳೆದು, ೨೦೦೭ರ ಅಕ್ಟೋಬರಿನಲ್ಲಿ ವ್ಯಾಗನರ್ ಮರಣಶಯ್ಯೆಯಲ್ಲಿದ್ದಾಗ ಪಾರ್ಟನ್ ಹೋಗಿ ಕಂಡುಬಂದರು. ಆದಕಾರಣ ಗೀತವು ಕೋರಿದ ಅಪ್ಪಣೆಯು ಒಂದೇ ದಿನ ದೊರೆಯಿತೆನ್ನುವುದಕ್ಕಿಂತ, ಹಲವು ವರ್ಷಗಳ ಮನಸ್ತಾಪದ ತರುವಾಯ ದೊರೆಯಿತೆನ್ನುವುದೇ ಯುಕ್ತವಾಗಿ ತೋರುತ್ತದೆ.

೨

ಇನ್ನು ಗೀತದ ಒಡಲನ್ನು ನೋಡೋಣ. ಮೂರು ಚಿಕ್ಕ ಚರಣಗಳು, ಒಂದು ಪಲ್ಲವಿ. ಇಷ್ಟೇ ಅದರ ಪ್ರಮಾಣ. ಮೊದಲ ಚರಣದಲ್ಲಿ, ನಾನು ಇಲ್ಲಿಯೇ ಉಳಿದರೆ ನಿನಗೆ ಅಡ್ಡಿಯಾಗುವೆನೆಂಬ ಕಾರಣವನ್ನು ಹೇಳಿ ನಾಯಿಕೆ ಹೊರಡುತ್ತಾಳೆ. ಎರಡನೆಯದರಲ್ಲಿ, ಕಹಿಯೂ ಸಿಹಿಯೂ ಬೆರೆತ ನೆನಪುಗಳಲ್ಲದೆ ಬೇರೇನನ್ನೂ ಒಯ್ಯುವುದಿಲ್ಲವೆನ್ನುತ್ತಾಳೆ. ಅಳಬೇಡವೆಂದು ಸಮಾಧಾನವನ್ನೂ ಹೇಳುತ್ತಾಳೆ. ಮೂರನೆಯದು ಕೇವಲ ಆಶೀರ್ವಾದ: ಬಾಳು ನಿನಗೆ ಒಳಿತನ್ನು ಮಾಡಲಿ, ಬಯಸಿದುದು ಕೈಗೂಡಲಿ, ಎಲ್ಲಕ್ಕಿಂತ ಮಿಗಿಲಾಗಿ ಪ್ರೀತಿಯು ದೊರೆಯಲಿ. ೧೯೭೪ರ ತಟ್ಟೆಯಲ್ಲಿ ಪಾರ್ಟನ್ ಈ ಮೂರನೆಯ ಚರಣವನ್ನು ಹಾಡುವುದಿಲ್ಲ; ಎದುರಿಗಿರುವವರೊಡನೆ ಮಾತಾಡುವಂತೆ ನುಡಿಯುತ್ತಾರೆ. ಹುಟ್ಟಿದ ಸಂದರ್ಭವನ್ನು ನೆನೆದರೆ ಈ ನುಡಿಯುವಿಕೆಯ ಔಚಿತ್ಯವು ತಾನಾಗಿಯೇ ತೋರುವುದು.

ನಮ್ಮ ಆಲಂಕಾರಿಕರು ವಿಪ್ರಲಂಭ ಶೃಂಗಾರವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಈ ಗೀತವು ಇವುಗಳಲ್ಲಿ ಯಾವುದಕ್ಕೂ ಒಳಪಡಲಾರದು. ಮುನಿಸಿಲ್ಲವಾಗಿ ಮಾನವಲ್ಲ, ಮರಳಿ ಬರುವ ಆಸೆಯಿಲ್ಲವಾಗಿ ಪ್ರವಾಸವಲ್ಲ, ಮೃತ್ಯುವಿಲ್ಲವಾಗಿ ಕರುಣವಲ್ಲ. ವಿಪ್ರಲಂಭದಲ್ಲಿ ವಿರಹವು ನಾಯಕನಾಯಿಕೆಯರ ಮೇಲೆ ಬಂದೆರಗುತ್ತದೆ. ಇಲ್ಲಿ ಹೊರಡುವವಳೇ ಅದನ್ನು ಆರಿಸಿಕೊಂಡಿದ್ದಾಳೆ. ಪ್ರೀತಿಯಿದ್ದೂ ಹೋಗಬೇಕೆಂಬುದೇ ಗೀತದ ತಿರುಳು. ಆದರೆ ಅಗಲುವವರು ಪ್ರಣಯಿಗಳೋ ಸಹೋದ್ಯೋಗಿಗಳೋ ಎಂಬುದನ್ನು ತಿಳಿಸುವ ಒಂದು ಮಾತೂ ಅದರಲ್ಲಿ ಇಲ್ಲ. ಸಂದರ್ಭವನ್ನು ಕಾಣಿಸಗೊಡದ ಈ ಮಿತಭಾಷಿತೆಯೇ ಮುಂದಿನ ಎಲ್ಲ ಅರ್ಥಾಂತರಗಳಿಗೂ ಬಾಗಿಲನ್ನು ತೆರೆಯಿತು.

೩

೧೯೭೪ರ ಜೂನಿನಲ್ಲಿ ಗೀತವು ಕಂಟ್ರಿ ಪಟ್ಟಿಯ ಮೊದಲನೆಯ ಸ್ಥಾನವನ್ನು ಪಡೆಯಿತು. ಅದರ ಬೆನ್ನಿಗೇ ಒಂದು ಪರೀಕ್ಷೆ ಒದಗಿತು. ಎಲ್ವಿಸ್ ಪ್ರೆಸ್ಲಿ ಈ ಗೀತವನ್ನು ಹಾಡಲು ಬಯಸಿದರು. ಆತನ ಕೀರ್ತಿಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆತನ ಕೊರಳಿನಿಂದ ತನ್ನ ಹಾಡು ಹೊರಡುವುದು ಆ ಕಾಲದ ಯಾವ ಗೀತಕಾರನಿಗೂ ಭಾಗ್ಯವೇ. ಆದರೆ ಆತನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಟಾಮ್ ಪಾರ್ಕರ್, ಗೀತದ ಪ್ರಕಾಶನಸ್ವಾಮ್ಯದಲ್ಲಿ ಅರ್ಧವನ್ನು ಬಿಟ್ಟುಕೊಡಬೇಕೆಂಬ ಷರತ್ತನ್ನು ಒಡ್ಡಿದರು. ಪಾರ್ಟನ್ ನಿರಾಕರಿಸಿದರು. ಆ ರಾತ್ರಿಯೆಲ್ಲ ಅತ್ತೆನೆಂದು ಅವರೇ ಹೇಳಿಕೊಂಡಿದ್ದಾರೆ.

ಈ ನಿರಾಕರಣೆಯನ್ನು ಬರಿಯ ವ್ಯಾಪಾರದ ಜಾಣತನವೆಂದು ಎಣಿಸಬಾರದು. ಒಬ್ಬ ಹಿರಿಯರ ಹೆಸರಿನ ಕಾರ್ಯಕ್ರಮದಿಂದ ಹೊರಬಂದು ಸ್ವತಂತ್ರವಾಗಿ ನಿಲ್ಲುವುದಕ್ಕಾಗಿ ಕಟ್ಟಿದ ಹಾಡು ಅದು. ಅದರ ಸ್ವಾಮ್ಯದಲ್ಲಿ ಅರ್ಧವನ್ನು ಇನ್ನೊಬ್ಬ ಹಿರಿಯರಿಗೆ ಒಪ್ಪಿಸುವುದೆಂದರೆ ಹಾಡಿನ ಅಭಿಪ್ರಾಯವನ್ನೇ ಅಲ್ಲಗಳೆದಂತಾಗುತ್ತಿತ್ತು. ಗೀತದ ಚರಿತ್ರೆಯಲ್ಲಿ ೧೯೭೩ರ ಮನವಿಯೂ ಈ ನಿರಾಕರಣೆಯೂ ಒಂದೇ ನಿಶ್ಚಯದ ಎರಡು ಮುಖಗಳು. ಪ್ರೆಸ್ಲಿಯವರ ಧ್ವನಿಮುದ್ರಿಕೆಯು ಹುಟ್ಟದೆಹೋದುದು ರಸಿಕರಿಗೆ ನಷ್ಟವಿರಬಹುದು; ಕರ್ತೃವಿನ ಸ್ವಾತಂತ್ರ್ಯಕ್ಕೆ ಅಂದು ತೆತ್ತ ಬೆಲೆಯು ಅದೇ.

ಅನಂತರ ೧೯೭೫ರಲ್ಲಿ ಲಿಂಡಾ ರಾನ್‌ಸ್ಟಾಟ್ ಈ ಗೀತವನ್ನು ಹಾಡಿದರು. ೧೯೮೨ರಲ್ಲಿ ಪಾರ್ಟನ್ ತಾವು ನಟಿಸಿದ ಒಂದು ಚಲಚ್ಚಿತ್ರಕ್ಕಾಗಿ ಅದನ್ನೇ ಮತ್ತೆ ಹಾಡಿದಾಗ ಅದು ಎರಡನೆಯ ಬಾರಿಗೆ ಕಂಟ್ರಿ ಪಟ್ಟಿಯ ತುದಿಯನ್ನು ಮುಟ್ಟಿತು.

೪

ಲೋಕಪ್ರಸಿದ್ಧಿಯು ಬಂದುದು ೧೯೯೨ರಲ್ಲಿ, ‘ದಿ ಬಾಡಿಗಾರ್ಡ್’ ಎಂಬ ಚಲಚ್ಚಿತ್ರದ ಮೂಲಕ. ನಾಯಿಕೆಯ ಪಾತ್ರದಲ್ಲಿದ್ದ ವಿಟ್ನಿ ಹ್ಯೂಸ್ಟನ್ ನ್ಯೂಜೆರ್ಸಿ ಸಂಸ್ಥಾನದ ನ್ಯೂವಾರ್ಕ್ ನಗರದವರು. ಅಲ್ಲಿಯ ನೀಗ್ರೋ ಕ್ರೈಸ್ತರ ದೇವಾಲಯದ ಭಕ್ತಿಗೀತಗಳಲ್ಲಿ ಪಳಗಿದ ಕಂಠ. ಚಿತ್ರದ ಕೊನೆಗೆ ಬೇರೊಂದು ಹಳೆಯ ಗೀತವನ್ನು ಗೊತ್ತುಮಾಡಿದ್ದರು. ಅದು ಅಷ್ಟರಲ್ಲಿ ಇನ್ನೊಂದು ಚಿತ್ರದಲ್ಲಿ ಬಂದುಬಿಟ್ಟುದರಿಂದ, ನಾಯಕನಟರಾದ ಕೆವಿನ್ ಕಾಸ್ಟ್‌ನರ್ ಈ ಗೀತವನ್ನು ಸೂಚಿಸಿದರು. ಮೊದಲ ಭಾಗವನ್ನು ಪಕ್ಕವಾದ್ಯವಿಲ್ಲದೆ ಬರಿಯ ಕಂಠದಿಂದ ಹಾಡಬೇಕೆಂಬುದೂ ಅವರ ಸೂಚನೆಯೇ.

ಇಲ್ಲಿ ಪಾಠಾಂತರದ ಒಂದು ಸ್ವಾರಸ್ಯವಾದ ಪ್ರಸಂಗವುಂಟು. ಸಂಗೀತವನ್ನು ಅಳವಡಿಸಿದ ಡೇವಿಡ್ ಫಾಸ್ಟರ್ ಮುಂದಿಟ್ಟುಕೊಂಡಿದ್ದುದು ರಾನ್‌ಸ್ಟಾಟರ ಧ್ವನಿಮುದ್ರಿಕೆ. ಅದರಲ್ಲಿ ಮೂರನೆಯ ಚರಣವಿರಲಿಲ್ಲ. ಪಾರ್ಟನ್ನರೊಡನೆ ಟೆಲಿಫೋನಿನಲ್ಲಿ ಮಾತಾಡುವಾಗ ಈ ಲೋಪವು ತಿಳಿದುಬಂದು, ಬಿಟ್ಟುಹೋಗಿದ್ದ ಚರಣವನ್ನು ಅವರಿಂದಲೇ ಪಡೆದುಕೊಂಡುದಾಗಿ ಫಾಸ್ಟರ್ ಹೇಳಿದ್ದಾರೆ. ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ಇದು ಪರಿಚಿತವಾದ ಸಂಗತಿಯೇ: ಪ್ರತಿಯಿಂದ ಪ್ರತಿಗೆ ಇಳಿಯುವಾಗ ಉದುರಿದ ಪದ್ಯವನ್ನು ಮೂಲದಿಂದ ತುಂಬಿಕೊಳ್ಳುವುದು. ಇಲ್ಲಿ ಮೂಲವು ಜೀವಂತವಾಗಿತ್ತೆಂಬುದೇ ವಿಶೇಷ. ಹ್ಯೂಸ್ಟನ್ ಹಾಡಿರುವುದರಲ್ಲಿ ಈ ಆಶೀರ್ವಾದದ ಚರಣವು ಮುಗಿದೊಡನೆ ಒಂದು ಕ್ಷಣ ಮೌನ. ಬಳಿಕ ಒಂದು ಭೇರಿಯ ಪೆಟ್ಟು. ಶ್ರುತಿಯು ಒಂದು ಸ್ವರ ಮೇಲಕ್ಕೇರಿ ಪಲ್ಲವಿಯು ತಾರದಲ್ಲಿ ಮೊಳಗುತ್ತದೆ. ಜನರ ನೆನಪಿನಲ್ಲಿ ನಿಂತಿರುವ ಆ ಘಟ್ಟಕ್ಕೆ ಆಧಾರವಾದುದು, ಸ್ವಲ್ಪದರಲ್ಲಿ ಬಿಟ್ಟುಹೋಗುತ್ತಿದ್ದ ಆ ಚರಣವೇ.

ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಇದು ೧೪ ವಾರ, ಬ್ರಿಟನ್ನಿನಲ್ಲಿ ೧೦ ವಾರ ಮೊದಲನೆಯ ಸ್ಥಾನದಲ್ಲಿ ನಿಂತಿತು. ೧೯೯೪ರಲ್ಲಿ ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಯೆಂದು ಗ್ರ್ಯಾಮಿ ಬಹುಮಾನ ಬಂದಿತು. ಸ್ವಾಮ್ಯವನ್ನು ಬಿಟ್ಟುಕೊಡದಿದ್ದ ಪಾರ್ಟನ್ನರಿಗೆ ಗೀತಕರ್ತೃವಿನ ಗೌರವಧನವು ಹೇರಳವಾಗಿ ಸಂದಿತು. ಅದರಲ್ಲೊಂದು ಭಾಗದಿಂದ ನ್ಯಾಶ್‌ವಿಲ್ಲಿನಲ್ಲಿ ಕರಿಯ ಜನರು ಹೆಚ್ಚಾಗಿ ವಾಸವಾಗಿದ್ದ ಬಡಾವಣೆಯಲ್ಲಿ ಕಟ್ಟಡಗಳನ್ನು ಕೊಂಡುದಾಗಿಯೂ, ಅದು ಹ್ಯೂಸ್ಟನ್ನರಿಗೆ ಸಲ್ಲಿಸಿದ ಗೌರವವೆಂದೂ ಅವರು ೨೦೨೧ರಲ್ಲಿ ತಿಳಿಸಿದರು.

೫

ಇಷ್ಟು ಹರಡಿದ ಮೇಲೆ ಅರ್ಥವೂ ಹರಡಿತು. ಮದುವೆಗಳಲ್ಲಿ ವಧೂವರರು ಇದನ್ನು ತಮ್ಮ ಪ್ರೀತಿಯ ಪ್ರತಿಜ್ಞೆಯೆಂದು ಹಾಡಿಸಿದರು. ಶವಸಂಸ್ಕಾರಗಳಲ್ಲಿ ಉಳಿದವರು ಇದನ್ನು ಹೋದವರಿಗೆ ಹಾಡಿಸಿದರು. ಮೊದಲನೆಯದರಲ್ಲಿ ಅಗಲಿಕೆಯೇ ಮರೆತುಹೋಗಿದೆ. ಎರಡನೆಯದರಲ್ಲಿ ಅಗಲಿಕೆಯಿದ್ದರೂ ವಕ್ತೃವು ಬದಲಾಗಿದೆ: ಹೊರಡುವವಳ ಮಾತು ಉಳಿದವರ ಬಾಯಿಗೆ ಬಂದಿದೆ. ಕೇಳುಗರು ಪಲ್ಲವಿಯನ್ನು ಹಿಡಿದು ಚರಣಗಳನ್ನು ಬಿಟ್ಟುದೇ ಇದಕ್ಕೆ ಕಾರಣ. ಹ್ಯೂಸ್ಟನ್ನರ ಗಾಯನಕ್ರಮವೂ ಇದಕ್ಕೆ ಇಂಬುಕೊಟ್ಟಿತು. ಪಾರ್ಟನ್ನರಲ್ಲಿ ಪಲ್ಲವಿಯು ಚರಣಗಳಷ್ಟೇ ಮೆಲುದನಿಯದು. ಇಲ್ಲಿ ಅದು ಶಿಖರವಾಗಿ ನಿಂತು, ಕೆಳಗಿನ ಮಾತುಗಳು ಅದರ ನೆರಳಿಗೆ ಸರಿದುವು. ಇದನ್ನು ಅಪಾರ್ಥವೆಂದು ಹೀಗಳೆಯುವುದು ನನ್ನ ಉದ್ದೇಶವಲ್ಲ. ಕೃತಿಯು ಸಂದರ್ಭವನ್ನು ಬಚ್ಚಿಟ್ಟಾಗ ಸಹೃದಯನು ತನ್ನದನ್ನು ತುಂಬುವುದು ಸಹಜ. ಆದರೆ ಪಾಠಹೇಳುವವರು ಚರಣಗಳನ್ನು ಮತ್ತೆ ಮುಂದಕ್ಕೆ ತಂದರೆ ಗೀತದ ಗಾಂಭೀರ್ಯವು ಹೆಚ್ಚುವುದೇ ಹೊರತು ಕುಂದುವುದಿಲ್ಲ.

೨೦೧೨ರ ಫೆಬ್ರವರಿ ೧೧ರಂದು ಹ್ಯೂಸ್ಟನ್ ತಮ್ಮ ೪೮ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೀತವು ಮತ್ತೆ ಪಟ್ಟಿಗೆ ಬಂದು ಮೂರನೆಯ ಸ್ಥಾನದವರೆಗೂ ಏರಿತು. ಅದೇ ತಿಂಗಳ ೧೮ರಂದು, ಬಾಲ್ಯದಲ್ಲಿ ಅವರು ಹಾಡಿದ ನ್ಯೂವಾರ್ಕಿನ ದೇವಾಲಯದಿಂದ ಶವಪೆಟ್ಟಿಗೆಯನ್ನು ಹೊರಕ್ಕೆ ಒಯ್ಯುವಾಗ ಇದೇ ಧ್ವನಿಮುದ್ರಿಕೆಯನ್ನು ಕೇಳಿಸಿದರು. ಬೇರೆ ಶವಸಂಸ್ಕಾರಗಳಲ್ಲಿ ಈ ಗೀತವು ಉಳಿದವರ ಮಾತಾಗಿದ್ದರೆ, ಅಂದು ಅದನ್ನು ನುಡಿದುದು ಹೊರಟವರ ದನಿಯೇ. ತಮಗಾಗಿ ಅಳುತ್ತಿದ್ದವರಿಗೆ ಅಳಬೇಡವೆಂದು ಹೇಳಿ, ಒಳಿತನ್ನು ಹಾರೈಸಿ ಹೋಗುವ ದನಿ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ೨೦೨೦ರಲ್ಲಿ ಈ ಧ್ವನಿಮುದ್ರಿಕೆಯನ್ನು ರಾಷ್ಟ್ರೀಯ ಸಂರಕ್ಷಣೆಗೆ ಆರಿಸಿಕೊಂಡಿತು. ಮುಂದೆ ಇದನ್ನು ಅಭ್ಯಾಸಮಾಡುವವರು ೧೯೭೪ರ ತಟ್ಟೆಯನ್ನೂ ಪಕ್ಕದಲ್ಲಿಟ್ಟುಕೊಂಡು, ಮೂರನೆಯ ಚರಣವನ್ನು ಒಬ್ಬರು ನುಡಿದ ಬಗೆಯನ್ನೂ ಇನ್ನೊಬ್ಬರು ಹಾಡಿದ ಬಗೆಯನ್ನೂ ಹೋಲಿಸಿ ನೋಡುವುದು ಒಳ್ಳೆಯದು.